ದೂರಿಗೆ ಉತ್ತರ

ಪರದೆಯನ್ನು ಕೀಬೋರ್ಡಿನಿಂದ ಕಿತ್ತರೆ ಟ್ಯಾಬು, ಸೇರಿಸಿದರೆ ಲ್ಯಾಪ್‌ಟಾಪು. ಎಲ್ಲಿ ಕೂತರೂ ಕೆಲಸ ಮಾಡಲಿ ಅಂತ ಬಸ್ ಕಂಪನಿಯವರೇ ಕೊಟ್ಟಿದ್ದು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯಾಣಿಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದಳು.

"ಬಸ್ಸು ಕೆಟ್ಟು ನಿಂತು ಎರಡು ಗಂಟೆ ಆಯ್ತು. ಆಸ್ಪತ್ರೇಲಿ ಮಗಳಿಗೆ ಹೆರಿಗೆ ನೋವು ಶುರುವಾಗಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ಏನಾದ್ರೂ ಮಾಡಿ" ಅಂತ ಒಬ್ಬ ತಾಯಿ ಬರೆದಿದ್ದರು.

ಅವಳು ಸೂಪರ್‌ವೈಸರಿಗೆ ಮೆಸೇಜು ಹಾಕಿದಳು. "ಸರ್, ಬೇರೆ ಬಸ್ಸು ಕಳಿಸ್ತೀರಾ?"

"ಬಸ್ಸೆಲ್ಲಿದೆ ಮಾರಾಯ್ತಿ? ಹತ್ತು ನಿಮಿಷದಲ್ಲಿ ಬರುತ್ತೆ ಅಂತ ಬರಿ."

"ಪಾಪ, ನಂಬಿಬಿಡ್ತಾರೆ ಸರ್."

"ನಂಬಲಿ. ಬರೆಯೋಕಾಗಲ್ಲ ಅಂದ್ರೆ ಆ ಟ್ಯಾಬು ವಾಪಸ್ ಕೊಟ್ಟು ಮನೇಲಿರು."

ಅವಳು ಬರೆದಳು.

ಪಕ್ಕದ ಸೀಟಿನ ಹೆಂಗಸು ಮೊಬೈಲು ನೋಡಿ, ಕಣ್ಣೊರೆಸಿಕೊಂಡು, ಅವಳ ಕೈ ಹಿಡಿದುಕೊಂಡರು. "ಹತ್ತೇ ನಿಮಿಷದಲ್ಲಿ ಬೇರೆ ಬಸ್ಸು ಬರುತ್ತಂತೆ ಕಣಮ್ಮ."