ಹೆಸರಿನ ಪಕ್ಕದ ಗುರುತು

ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ವಿಶ್ವಕೋಶವೊಂದರಲ್ಲಿ ಗುರುನಾಥ ಹೂಲಿ ಎಂಬ ಹೆಸರಿನವರು ಇಬ್ಬರಿದ್ದರು. ಹೆಸರು ಒಂದೇ ಆಗಿದ್ದರೆ ಪಕ್ಕದಲ್ಲಿ ಗುರುತು ಬರೆಯಬೇಕೆಂಬುದು ನಿಯಮ. ವಿಶ್ವಕೋಶದ ನಿರ್ವಾಹಕಿ ಮೃಣಾಲಿನಿ ಒಬ್ಬರಿಗೆ ‘ಕುಸ್ತಿಪಟು’ ಎಂದೂ, ಜೈಲಿನಲ್ಲಿದ್ದ ಇನ್ನೊಬ್ಬನಿಗೆ ‘ಕೊಲೆ ಅಪರಾಧಿ’ ಎಂದೂ ಬರೆದಿದ್ದಳು. ಯಾರೋ ಪದೇ ಪದೇ ಎರಡನೆಯದನ್ನು ಅಳಿಸಿ ‘ಕವಿ’ ಎಂದು ಬದಲಿಸುತ್ತಿದ್ದರು. ಅವನ ಕಡೆಯವರೇ ಕಳಂಕ ತೊಳೆಯಲು ಹೊರಟಿದ್ದಾರೆಂದು ಅವಳಿಗೆ ಅನುಮಾನ.

ಧಾರವಾಡದಲ್ಲಿ ಸಂಪಾದಕರ ಸಭೆ ಸೇರಿದಾಗ, ಬದಲಿಸುತ್ತಿದ್ದುದು ತಾನೇ ಎನ್ನುತ್ತ ವಯಸ್ಸಾದ ಹೆಂಗಸೊಬ್ಬಳು ಎದುರಿಗೆ ಬಂದು ಕುಳಿತಳು.

“ಜನ ಯಾವುದರಿಂದ ಗುರುತಿಸ್ತಾರೋ ಅದನ್ನೇ ಹಾಕಬೇಕು, ಅಮ್ಮಾ. ಅದೇ ನಿಯಮ,” ಎಂದಳು ಮೃಣಾಲಿನಿ.

“ಜೈಲಿನ್ಯಾಗ ಕುಂತು ಎರಡು ಪುಸ್ತಕ ಬರದಾನ. ಓದೀಯೇನವಾ?”

“ಇಲ್ಲ.”

“ನಾ ಓದೀನಿ. ಒಂದು ದಿನ ಮಾಡಿದ್ದನ್ನ ಅವನ ಹೆಸರಿಗೆ ಸಾಯೂತನಕ ಯಾಕ ಕಟ್ಟತಿ?”

ಮೃಣಾಲಿನಿಯ ಅನುಮಾನ ಗಟ್ಟಿಯಾಯಿತು.

“ಸಂಬಂಧಿಕರು ಆ ಪುಟ ತಿದ್ದೋ ಹಾಗಿಲ್ಲ. ನಿಜ ಹೇಳಿ, ನೀವು ಅವನ ತಾಯಿ ಅಲ್ವಾ?”

“ಅಲ್ಲ, ಯವ್ವಾ. ಅವನ ಕೈಯಾಗ ಸತ್ತಾಂವನ ತಾಯಿ.”