ಕಿಟಕಿಯಿಲ್ಲದ ಪರದೆ

ಸಂಜೆಯ ಕೆಂಪು ಮೋಡದ ಹೊಟ್ಟೆಯ ಮೇಲೆ ಸೋಪಿನ ಜಾಹೀರಾತೊಂದು ಬಂದು ಕೂತಿತ್ತು. ಅಕ್ಕ ಮಲಗಿದಲ್ಲಿಂದಲೇ ಫೋನನ್ನು ಓರೆ ಮಾಡಿ ನೋಡಿದಳು, ಬೆರಳಿನಿಂದ ಒರೆಸಿದಳು. ಸೋಪು ಜಗ್ಗಲಿಲ್ಲ.

“ನೋಡೇ ಇಲ್ಲಿ, ಆಕಾಶಕ್ಕೂ ಸ್ನಾನ ಮಾಡಿಸ್ತಾರಂತೆ.”

ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಬಗ್ಗಿದಳು. ಫೋನಿನ ‘ಕಿಟಕಿಕಟ್ಟೆ’ ಎಂಬ ಆ್ಯಪಿನಲ್ಲಿ ಎಲ್ಲೆಲ್ಲಿಯವರೋ ತಮ್ಮ ಕಿಟಕಿಯಿಂದ ಕಂಡ ಆಕಾಶದ ಚಿತ್ರ ಹಾಕುತ್ತಿದ್ದರು, ಅಷ್ಟೇ, ಬೇರೇನಿಲ್ಲ. ಈಗ ಅದನ್ನು ನಡೆಸುವ ಕಂಪನಿ ಹೊಸ ನಿಯಮ ತಂದಿತ್ತು. ಒಂದೊಂದು ಆಕಾಶದ ಮೇಲೂ ಒಂದು ಜಾಹೀರಾತು. ಬರೀ ಆಕಾಶವೇ ಬೇಕೆನ್ನುವವರು ತಿಂಗಳ ಚಂದಾ ಕಟ್ಟಬೇಕು. ಬೆನ್ನು ಮುರಿದು ಹಾಸಿಗೆ ಹಿಡಿದ ಮೇಲೆ ಅಕ್ಕನ ಪಾಲಿಗೆ ಬಂದ ಆಕಾಶವೆಲ್ಲ ಆ ಕಟ್ಟೆಯದೇ. ಅವಳ ಕೋಣೆಗೆ ಮೂರು ಕಡೆ ಪಕ್ಕದವರ ಗೋಡೆ, ಇನ್ನೊಂದು ಕಡೆ ತಂಗಿಯ ಪರದೆ ಹೊಲಿಯುವ ಅಂಗಡಿ. ಕಿಟಕಿಯೇ ಇಲ್ಲದವಳು ಚಿತ್ರವನ್ನೆಲ್ಲಿಂದ ಹಾಕಿಯಾಳು? ಅವಳು ಮೋಡಗಳಿಗೆ ಹೆಸರಿಡುತ್ತಿದ್ದಳು. ಯಾವುದೋ ಬಂದರಿನ ಊರಿನ ಬಿಳಿ ಮೋಡದ ಕೆಳಗೆ ‘ಮೊಟ್ಟೆ ಎಲ್ಲಿಟ್ಟೆ ಅಂತ ಮರೆತ ಕೋಳಿ’ ಎಂದು ಬರೆದರೆ ಆ ಊರಿನವರು ದಿನವಿಡೀ ನಗುತ್ತಿದ್ದರು. ಅವಳು ಹೆಸರಿಡುವ ತನಕ ಕರಗಬೇಡ ಎಂದು ಮೋಡವನ್ನು ಬೇಡಿಕೊಳ್ಳುವವರೂ ಇದ್ದರು.

ಫೋನು ಕೈಯಲ್ಲೇ ನಡುಗಿತು. ದೂರದ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ, ಕಟ್ಟೆಯವರೆಲ್ಲ ‘ಗಡಿಯಾರ ಮಾಮ’ ಎಂದು ಕರೆಯುವ ಹಿರಿಯರು.

“ನಾಳೆಯಿಂದ ಮುಷ್ಕರ ಕಣಮ್ಮಾ. ಎಲ್ಲರೂ ಪರದೆ ಎಳೆದು, ಆ ಪರದೆ ಚಿತ್ರ ಹಾಕ್ತೀವಿ. ಕಂಪನಿಗೆ ಒಂದು ಚೂರು ಆಕಾಶ ಸಿಗಬಾರದು. ಪರದೆ ಮೇಲೆ ಬೇಕಾದ್ರೆ ಸೋಪು ಮಾರ್ಕೊಳ್ಳಲಿ.”

“ಭೇಷ್ ಮಾಮ!”

ಮಾಮ ದನಿ ತಗ್ಗಿಸಿದರು. “ಅದಕ್ಕೇ ಮಾಡಿದೆ ಫೋನು. ನೀನು ಸೇರಬೇಕು ಅಂತೇನಿಲ್ಲ. ನಿನಗೊಬ್ಬಳಿಗೆ ಯಾರಾದರೂ ಗುಟ್ಟಾಗಿ ಆಕಾಶ ಕಳಿಸ್ತಾ ಇರ್ತೀವಿ.”

“ಊರೆಲ್ಲ ಒಲೆ ಆರಿಸಿ ನನಗೊಬ್ಬಳಿಗೆ ಊಟ ಬಡಿಸ್ತೀರಾ? ಗಂಟಲಲ್ಲಿ ಇಳಿಯುತ್ತಾ ಮಾಮ ಅದು? ನಾನೂ ಇದೀನಿ.”

ಫೋನು ಇಟ್ಟದ್ದೇ ತಡ, ತಂಗಿ ಹರಿಹಾಯ್ದಳು. “ದೊಡ್ಡ ಹೋರಾಟಗಾರ್ತಿ! ಅವರಿಗೇನು, ಪರದೆ ಸರಿಸಿದ್ರೆ ಆಕಾಶ ಇದ್ದಲ್ಲೇ ಇರುತ್ತೆ. ನಿನಗೇನಿದೆ, ಈ ಸುಣ್ಣ ಕಿತ್ತ ಗೋಡೆ? ಚಂದಾ ನಾನು ಕಟ್ತೀನಿ, ತೆಪ್ಪಗೆ ನೋಡ್ಕೊಂಡಿರು.”

“ನೀನು ಕಟ್ಟಿದ್ರೆ ಆಕಾಶ ಸಿಗುತ್ತೆ ಕಣೇ. ಮಾಮ ಸಿಗ್ತಾರಾ? ಆ ಬಂದರಿನೋರು ಸಿಗ್ತಾರಾ?”

“ಸರಿ ತಾಯಿ, ಮಾಡು ಮುಷ್ಕರ. ಎಳೆಯೋಕೆ ಪರದೆ ಎಲ್ಲಿದೆ?”

“ಪರದೆ ಹೊಲಿಯೋಳು ನೀನು. ನನ್ನ ಕೇಳ್ತೀಯಾ?”

ತಂಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಕೊರಳಿಗೆ ಜೋತುಬಿದ್ದಿದ್ದ ಅಳತೆಪಟ್ಟಿಯನ್ನು ಎಳೆದುಕೊಂಡು, ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆಯೇ ಕೇಳಿದಳು, “ಕಿಟಕಿ ಎಷ್ಟಗಲ?”

ಅಕ್ಕ ಕಣ್ಣು ಮುಚ್ಚಿದಳು. “ನೀನು ಎರಡೂ ಕೈ ಚಾಚು ನೋಡೋಣ... ಹೂಂ, ಅದಕ್ಕಿಂತ ಒಂಚೂರು ಜಾಸ್ತಿ.”

“ನೆಲದಿಂದ ಎಷ್ಟೆತ್ತರ?”

“ಮಲಗಿರೋಳಿಗೆ ಕಾಣೋಷ್ಟು.”

ತಂಗಿ ನಗಲು ಹೋದಳು, ನಗು ಬರಲಿಲ್ಲ. ತಿಳಿನೀಲಿ ಬಟ್ಟೆ ಹರಡಿ ಕತ್ತರಿಸಿದಳು. ಅಗಲಕ್ಕೆ ಎರಡರಷ್ಟು ಬಟ್ಟೆ ಬಿಟ್ಟು ನೆರಿಗೆ ಹಿಡಿದಳು. ಇಲ್ಲದ ಕಿಟಕಿಯೆಂದು ಒಂದು ಗೇಣೂ ಉಳಿಸಲಿಲ್ಲ. ಬರೀ ಗೋಡೆಗೆ ಸರಳು ಹೊಡೆದು ಪರದೆ ತೂಗುಹಾಕಿ, ಎರಡು ಬದಿಯಿಂದಲೂ ಎಳೆದು ಮುಚ್ಚಿದಳು.

ಮರುದಿನ ಕಟ್ಟೆಯ ತುಂಬ ಪರದೆಗಳು. ಹೂವಿನವು, ಗೆರೆಯವು, ಒಬ್ಬರದು ಹಳೆ ಚಾದರ, ಇನ್ನೊಬ್ಬರದು ಮೈ ಒರೆಸುವ ಟವೆಲ್ಲು. ನಡುವೆ ಅಕ್ಕನ ತಿಳಿನೀಲಿಯೂ ಇತ್ತು. ಅವಳು ಕಟ್ಟೆಗೆ ಹಾಕಿದ ಮೊದಲ ಚಿತ್ರ ಅದು. ಯಾವ ಪರದೆಯ ಹಿಂದೆ ಕಿಟಕಿಯಿದೆ, ಯಾವುದರ ಹಿಂದೆ ಇಲ್ಲ ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ‘ನಿಮ್ಮಲ್ಲಿ ಇವತ್ತು ಮೋಡ ಇದೆಯಾ?’ ಎಂದು ಬಂದರಿನವರು ಕೇಳಿದರು. ಅಕ್ಕ ಪರದೆಯನ್ನು ತುಂಬ ಹೊತ್ತು ನೋಡಿ ಬರೆದಳು: ‘ಒಂದಿದೆ. ಇನ್ನೂ ಎದ್ದಿಲ್ಲ.’

ಪರದೆಗಳ ಮೇಲೆ ಕಂಪನಿ ಕೆಲವು ದಿನ ಸೋಪು ಮಾರಿತು. ಯಾರೂ ಕೊಳ್ಳಲಿಲ್ಲ, ಯಾರೂ ಪರದೆ ಸರಿಸಲಿಲ್ಲ. ಲಾಭವಿಲ್ಲದ್ದನ್ನು ಯಾರು ಸಾಕುತ್ತಾರೆ? ಒಂದು ಬೆಳಿಗ್ಗೆ ಕಂಪನಿ ಕಟ್ಟೆಯನ್ನೇ ಮುಚ್ಚಿಬಿಟ್ಟಿತು. ಹಾಕಿದ್ದ ಆಕಾಶಗಳು, ಇಟ್ಟಿದ್ದ ಹೆಸರುಗಳು, ಒಂದೂ ಉಳಿಯಲಿಲ್ಲ. ಫೋನು ತೆರೆದರೆ ಬರೀ ಬೂದು ಬಣ್ಣ.

“ಸೋತ್ವಿ ಕಣಮ್ಮಾ,” ಎಂದರು ಫೋನಿನಲ್ಲಿ ಗಡಿಯಾರ ಮಾಮ. “ನಮಗೆಲ್ಲ ಕಿಟಕಿನಾದ್ರೂ ಇದೆ. ನಿನ್ನ ಬಾಯಿಗೆ ಮಣ್ಣು ಹಾಕಿದ ಹಾಗಾಯ್ತು.”

“ಮೋಡದ ಮೇಲಿಂದ ಸೋಪಂತೂ ಹೋಯ್ತಲ್ಲ, ಬಿಡಿ ಮಾಮ. ದಿನಾ ಒಂದ್ಸಲ ಫೋನ್ ಮಾಡಿ.”

ತಂಗಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಇನ್ನು ಈ ಪರದೆ ಇದ್ದಷ್ಟೂ ಅಕ್ಕನಿಗೆ ನೋವೇ ಎಂದುಕೊಂಡು ಸ್ಟೂಲು ತಂದಿಟ್ಟು ಹತ್ತಿದಳು. ಬಿಚ್ಚುವ ಮೊದಲು ಸರಿಸೋಣವೆಂದು ನೆರಿಗೆಗೆ ಕೈ ಹಾಕಿದಳು.

“ತಡಿಯೇ, ಒಂದೇ ಸಲ ಸರಿಸಬೇಡ,” ಅಕ್ಕ ಅಂಗೈಯನ್ನು ಹುಬ್ಬಿಗೆ ಮರೆಹಿಡಿದಳು. “ಬಿಸಿಲು ಕಣ್ಣಿಗೆ ಹೊಡೆಯುತ್ತೆ.”

ತಂಗಿಯ ಕೈ ಹಿಡಿದಲ್ಲೇ ನಿಂತಿತು. ಬಟ್ಟೆ ಬೆಚ್ಚಗಿತ್ತು.