ಕಿರೀಟದ ವಿಷಯ

ಚರ್ಚಿನ ಮಾತೆ ಮರಿಯಮ್ಮನವರ ಚಿನ್ನದ ಕಿರೀಟ ಕಳುವಾದಾಗ, ಅಲ್ಲಿನ ಪಾದ್ರಿಯಾಗಿದ್ದ ಅವನು ಕಳ್ಳನೆಂಬ ಹೆಸರು ಹೊತ್ತು ಗುರುಪಟ್ಟ ಕಳೆದುಕೊಂಡಿದ್ದ. ಇಪ್ಪತ್ತು ವರ್ಷವಾಗಿತ್ತು, ಈಗ ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಆವತ್ತು ಮಧ್ಯಾಹ್ನ, ಹಿಂದೆ ಆ ಚರ್ಚಿನ ಕಸ ಗುಡಿಸುತ್ತಿದ್ದ ಮುದುಕಿ ಸಾಯುವ ಹಾಸಿಗೆಯಿಂದ ಹೇಳಿಕಳಿಸಿದಳು. ಅವನು ಕೆಲಸ ಬಿಟ್ಟು ಬಂದು ಅವಳ ಪಕ್ಕ ಕೂತ.

“ಸ್ವಾಮಿ, ಕಿರೀಟದ ವಿಷಯ ಹೇಳ್ಬೇಕು.”

ಅವನು ಹಿಂದಿರುಗಿ ನೋಡಿದ. ಅರೆತೆರೆದ ಬಾಗಿಲಾಚೆ ಅವಳ ಮಗ ನಿಂತಿದ್ದ. “ತಡಿ, ಮಗನ್ನ ಕರೀತೀನಿ. ಅವನ ಮುಂದೇನೇ ಹೇಳ್ಬಿಡಮ್ಮ.”

“ಬೇಡ ಸ್ವಾಮಿ! ಪಾಪನಿವೇದನೆ ಅಂತ ಕೇಳಿ. ಕ್ಷಮೆ ಸಿಗದೆ ಸಾಯೋಕೆ ಭಯ ಆಗ್ತದೆ.”

“ನಾನೀಗ ಗುರು ಅಲ್ಲ ಕಣಮ್ಮ. ಈಗಿನ ಗುರುಗಳು ಬರಲಿ.”

“ಅವರು ಬರೋಷ್ಟರಲ್ಲಿ ನಾನಿರಲ್ಲ. ಸಾಯೋರಿಗೆ ಪಟ್ಟ ಕಳ್ಕೊಂಡೋರೂ ಕ್ಷಮೆ ಕೊಡಬಹುದಂತಲ್ಲ?” ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೊಡಬಹುದಿತ್ತು. ಆದರೆ ನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಪ್ರಾಣ ಹೋದರೂ ಬಾಯಿ ಬಿಡುವಂತಿಲ್ಲ. ಬರೀ ಮನುಷ್ಯನಾಗಿ ಕೇಳಿದರೆ ಇವತ್ತೇ ಅವನ ಕಳಂಕ ತೊಳೆದುಹೋಗುತ್ತದೆ. ಅವಳು ಕ್ಷಮೆಯಿಲ್ಲದೆ ಸಾಯುತ್ತಾಳೆ.

ಅವನು ಎದ್ದು ಬಾಗಿಲು ಮುಚ್ಚಿದ. ಹೆಗಲ ಮೇಲಿನ ಟವೆಲನ್ನು ಗುರುವಸ್ತ್ರದ ಹಾಗೆ ಕೊರಳಿಗೆ ಇಳಿಬಿಟ್ಟು ಕೂತ.

“ಹೇಳಮ್ಮ.”

ಎಲ್ಲ ಕೇಳಿದ. ಶಿಲುಬೆಯ ಗುರುತು ಹಾಕಿ ಕ್ಷಮೆ ಕೊಟ್ಟ. ಅವಳು ಹಗುರಾಗಿ ಕಣ್ಣು ಮುಚ್ಚಿದ ಮೇಲೆ ಹೊರಗೆ ಬಂದ.

ಮಗ ಅವನ ಒದ್ದೆ ಕಣ್ಣನ್ನೇ ನೋಡಿ ಕೇಳಿದ: “ಕೊನೆಗೂ ಅಮ್ಮನ ಹತ್ರ ತಪ್ಪು ಒಪ್ಕೊಂಡ್ರಾ?”